ಕಡಲ್ಕೊರೆತ: ಗೋಡೆಗೂ ಮೊದಲು ಮರಳಿನ ಲೆಕ್ಕ ಬೇಕು

ಮಾನ್ಯರೇ,

ಕಡಲ್ಕೊರೆತದ ಸುದ್ದಿ ಬಂದಾಗಲೆಲ್ಲ ಕಲ್ಲಿನ ತಡೆಗೋಡೆಗೆ ಬೇಡಿಕೆ ಏಳುತ್ತದೆ. ಕೊಚ್ಚಿಹೋದ ಮರಳು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಯಿತು ಎಂಬ ಅಧ್ಯಯನಕ್ಕೆ ಅಷ್ಟೇ ಒತ್ತಾಯ ಕೇಳಿಬರುವುದಿಲ್ಲ. ಅಲೆ ಓರೆಯಾಗಿ ಬಂದಪ್ಪಳಿಸಿದಾಗ ಮರಳಿನ ಕಣವೂ ಓರೆಯಾಗಿ ದಡವೇರುತ್ತದೆ, ನೀರು ಹಿಂದೆ ಸರಿಯುವಾಗ ಇಳಿಜಾರಿನಗುಂಟ ನೇರವಾಗಿ ಕೆಳಗಿಳಿಯುತ್ತದೆ. ಹೀಗೆ ಅಂಕುಡೊಂಕಾಗಿ ಸಾಗುತ್ತಲೇ ಅಪಾರ ಪ್ರಮಾಣದ ಮರಳು ತೀರದುದ್ದಕ್ಕೂ ಸಂಚರಿಸುತ್ತದೆ. ಅದಕ್ಕೆ ಅಡ್ಡಲಾಗಿ ಸಮುದ್ರದೊಳಗೆ ಕಲ್ಲಿನ ದಂಡೆ ಚಾಚಿದರೆ ಒಂದು ಬದಿಯಲ್ಲಿ ಮರಳು ಶೇಖರವಾಗಿ, ಇನ್ನೊಂದು ಬದಿಯ ದಡ ಸವೆಯುತ್ತದೆ. ನದಿಗಳು ಕಡಲತೀರಕ್ಕೆ ತರಬೇಕಿದ್ದ, ಆದರೆ ಅಣೆಕಟ್ಟುಗಳ ಹಿಂದೆ ನಿಂತುಹೋದ ಹೂಳೂ ಈ ಲೆಕ್ಕಕ್ಕೆ ಸೇರಬೇಕು.

ಬಿರುಗಾಳಿಯ ಕಾಲದಲ್ಲಿ ನೀರಿನಡಿಯ ದಿಬ್ಬಗಳಿಗೆ ಸರಿದ ಮರಳಿನ ಬಹುಪಾಲು, ಕಡಲು ಶಾಂತವಾದಾಗ ದಡಕ್ಕೆ ಹಿಂತಿರುಗಬಹುದಾದ್ದರಿಂದ, ಒಂದೇ ಋತುವಿನ ಅಳತೆಯನ್ನು ನಂಬಿ ಶಾಶ್ವತ ಗೋಡೆ ಕಟ್ಟುವುದು ದುಡುಕು ಎಂಬುದು ನನ್ನ ದೃಢ ಅಭಿಪ್ರಾಯ. ಎರಡೂ ಋತುಗಳಲ್ಲಿ, ಹಲವು ವರ್ಷ, ನೀರಿನಡಿಯ ಇಳಿಜಾರನ್ನೂ ಸೇರಿಸಿ ಅಳೆಯಬೇಕು.

ಸವೆಯುತ್ತಿರುವ ದಡವು ಗೋಡೆಯಿಂದಾಗಿ ಒಳನಾಡಿನತ್ತ ಸರಿಯಲಾಗದೆ ಕಿರಿದಾಗುತ್ತಾ ಹೋಗುತ್ತದೆ. ಕಡಲಾಮೆ ಮೊಟ್ಟೆಯಿಡುವುದು ಉಬ್ಬರದ ಗೆರೆಗಿಂತ ಮೇಲಿನ ಒಣ ಮರಳಿನಲ್ಲಿ. ಮರಿ ಹೆಣ್ಣೋ ಗಂಡೋ ಎಂಬುದೂ ಆ ಮರಳಿನ ಉಷ್ಣತೆಯನ್ನೇ ಅವಲಂಬಿಸಿದೆ. ಆ ಒಣ ಮರಳಿನ ಪಟ್ಟಿಯೇ ಇಲ್ಲವಾದರೆ ಆಮೆಗೆ ಬೇರೆ ನೆಲೆ ಎಲ್ಲಿದೆ?

ನೆದರ್ಲೆಂಡ್ಸ್ ತನ್ನ ತೀರದ ರಕ್ಷಣೆಗಾಗಿ 2011ರಲ್ಲಿ ಸುಮಾರು 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದು, ಅಲೆ, ಗಾಳಿ, ಪ್ರವಾಹಗಳು ಅದನ್ನು ಹರಡುವ ಬಗೆಯನ್ನು ನಿರಂತರವಾಗಿ ಅಳೆಯುತ್ತಾ ಬಂದಿದೆ. ಎಲ್ಲ ತೀರಕ್ಕೂ ಅದೇ ಉಪಾಯ ಒಗ್ಗದಿರಬಹುದು. ಆದರೆ ಟೆಂಡರ್ ಕರೆಯುವ ಮುನ್ನ ಇಂತಹ ಅಳತೆಗಳನ್ನು ನಡೆಸಿ, ಅವನ್ನು ತೀರವಾಸಿಗಳ ಮುಂದಿಡುವುದನ್ನು ಕಡ್ಡಾಯಗೊಳಿಸಬೇಕು.

– ಓರ್ವ ಓದುಗ