ಗಾಳಿ ಬಂದರೆ ಜನ ಎದ್ದು ಹೋಗಲ್ಲ, ಒಳಗೆ ನುಗ್ತಾರೆ

ಸಂಪಾದಕರಿಗೆ ನಮಸ್ಕಾರ.

ಮೇ ಕೊನೆಗೆ ಮುಂಬೈ ಹತ್ತಿರದ ಡೊಂಬಿವಲಿಯ ಮೈದಾನದಲ್ಲಿ ನಾವು ಊರಿನವರೆಲ್ಲ ಸೇರಿ ಒಂದು ಯಕ್ಷಗಾನ ಇಟ್ಟುಕೊಂಡಿದ್ದೆವು. ಕಬ್ಬಿಣದ ಪೈಪಿನ ಮೆಟ್ಟಿಲು ಗ್ಯಾಲರಿ, ಮೇಲೆ ತಗಡಿನ ಮಾಡು, ಹಿಂದೆ ಉದ್ದಕ್ಕೂ ಜಾಹೀರಾತಿನ ಫ್ಲೆಕ್ಸ್. ಹಿಂದಿನ ದಿನ ಮಂಟಪ ಹಾಕುವವನನ್ನು ಕೇಳಿದೆ, ಜನರ ಭಾರ ಮತ್ತೆ ಗಾಳಿ ಎರಡೂ ಒಟ್ಟಿಗೆ ಬಂದರೆ ಇದು ತಡೆಯುತ್ತದಾ ಅಂತ. (ಸ್ಟ್ರಕ್ಚರಲ್ ಡ್ರಾಯಿಂಗ್ ಬಿಡಿಸಿಯೇ ರಿಟೈರ್ ಆದವನಿಗೆ ಈ ಚಟ ಹೋಗಲ್ಲ.) ಅವನು ನಕ್ಕ. "ಅಂಕಲ್, ಗಾಳಿ ಜೋರಾದ್ರೆ ಜನ ಕೂತಿರ್ತಾರಾ? ಎದ್ದು ಮನೆಗೆ ಹೋಗ್ತಾರೆ. ಎರಡನ್ನೂ ಸುಮ್ನೆ ಯಾಕೆ ಕೂಡಿಸೋದು?"

ಕೇಳೋಕೆ ಸರಿ ಅನ್ನಿಸುತ್ತದೆ ಅಲ್ವಾ?

ರಾತ್ರಿ ಹತ್ತರ ಹೊತ್ತಿಗೆ ಧೂಳು ಎದ್ದಿತು, ಬೆನ್ನಿಗೇ ಮಳೆ. ಗ್ಯಾಲರಿಯಿಂದ ಒಬ್ಬರೂ ಇಳಿಯಲಿಲ್ಲ. ಬದಲಿಗೆ ಹೊರಗೆ ಕುರ್ಚಿ ಹಾಕಿಕೊಂಡಿದ್ದವರು, ಭೇಲ್ ಗಾಡಿ ಹತ್ತಿರ ನಿಂತಿದ್ದವರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಎಲ್ಲರೂ ಓಡಿ ಬಂದು ಮಾಡಿನ ಕೆಳಗೆ ಹತ್ತಿಕೊಂಡರು. ನಾನು ಹಿಂದಿನ ಕಂಬದ ಹತ್ತಿರ ಇದ್ದೆ. ಅದರ ಬುಡದ ಪ್ಲೇಟಿನ ಕೆಳಗೆ ಒಂದು ಹಲಗೆ ತುಂಡು ಇಟ್ಟಿದ್ದರು. ಗಾಳಿ ಬೀಸಿದಾಗೆಲ್ಲ ಪ್ಲೇಟ್ ಒಂದು ಬೆರಳಿನಷ್ಟು ಎದ್ದು, ಮತ್ತೆ ಟಕ್ ಅಂತ ಹಲಗೆ ಮೇಲೆ ಕೂರುತ್ತಿತ್ತು. ಚಂಡೆ ಸದ್ದಿನಲ್ಲಿ ಬೇರೆ ಯಾರಿಗೂ ಅದು ಕೇಳಿಸಲಿಲ್ಲ.

ಲೆಕ್ಕ ಏನೂ ಗುಟ್ಟಿನದ್ದಲ್ಲ. ಕಟ್ಟಡದ ಮೇಲೆ ಬೀಳುವ ಭಾರಗಳನ್ನು ಹೇಳುವ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಮುಂಬೈಗೆ ಲೆಕ್ಕಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್. ನಾಲ್ಕು ದಿನದ ಮಂಟಪ ಅಂತ ರಿಯಾಯ್ತಿ ಇದೆ, ಇಲ್ಲಿ 0.73ರಿಂದ ಗುಣಿಸಿ 32ಕ್ಕೆ ಇಳಿಸಿಕೊಳ್ಳಬಹುದು. ಆದರೂ ಚದರ ಮೀಟರಿಗೆ 60 ಕೆಜಿ ಹತ್ತಿರ ಒತ್ತಡ ಬೀಳುತ್ತದೆ. 20 ಅಡಿಗೆ 10 ಅಡಿಯ ಒಂದು ಫ್ಲೆಕ್ಸ್ ಅಂದರೆ, ಆಕಾರದ ಲೆಕ್ಕ ಬಿಟ್ಟರೂ, ಒಂದು ಟನ್ನಿಗಿಂತ ಜಾಸ್ತಿ. ಜನರ ಭಾರ, ಸೀಟು ಬಿಗಿದು ಕೂರಿಸದ ಕಡೆ, ಚದರ ಮೀಟರಿಗೆ 500 ಕೆಜಿ ಅಂತ ಹಿಡಿಯಬೇಕು. ಎರಡೂ ಒಂದೇ ಕ್ಷಣಕ್ಕೆ ಪೂರ್ತಿ ಬರುವುದು ಅಪರೂಪ, ಅದಕ್ಕೇ ಸುರಕ್ಷತೆಗೆಂದು ಭಾರವನ್ನು ಹೆಚ್ಚಿಸಿ ಹಿಡಿಯುವಾಗ 1.5ರ ಬದಲು ಎಲ್ಲವನ್ನೂ 1.2ರಿಂದ ಗುಣಿಸಿದರೆ ಸಾಕು ಅನ್ನುತ್ತದೆ ಉಕ್ಕಿನ ಕಟ್ಟಡಗಳ ಮಾನದಂಡ ಐಎಸ್ 800. ಅಪರೂಪ ಅಂದರೆ 1.2, ಸೊನ್ನೆ ಅಲ್ಲ.

ಇನ್ನೊಂದು ತಪ್ಪು ಇದರ ತಿರುವುಮುರುವು. ಜನ ಕೂತಿದ್ದರೆ ಗ್ಯಾಲರಿ ಭಾರವಾಗಿರುತ್ತದೆ, ಹಾರಲ್ಲ ಅಂತ ಅದೇ ಮನುಷ್ಯ ಹೇಳಿದ. ಜನರನ್ನು ಮರಳಿನ ಮೂಟೆ ಅಂದುಕೊಂಡ ಹಾಗಾಯಿತು! ಸಂಜೆ ನಾಲ್ಕಕ್ಕೆ ಖಾಲಿ ನಿಂತಿರುವ ಗ್ಯಾಲರಿಯನ್ನೇ ಗಾಳಿ ಸುಲಭವಾಗಿ ಮಗುಚುವುದು. ಅದಕ್ಕೆ ಬೇರೆಯೇ ಲೆಕ್ಕ: ಗ್ಯಾಲರಿಯ ಸ್ವಂತ ಭಾರವನ್ನು 0.9ರಿಂದ ಮಾತ್ರ, ಗಾಳಿಯನ್ನು 1.5ರಿಂದ ಗುಣಿಸಬೇಕು.

2024ರ ಮೇ 13ರಂದು ಘಾಟ್ಕೋಪರ್‌ನಲ್ಲಿ ಪೆಟ್ರೋಲ್ ಬಂಕ್ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತರು. ಮರುವರ್ಷ ಜೂನ್ 15ರಂದು ಪುಣೆ ಹತ್ತಿರ ಕುಂಡಮಳಾದಲ್ಲಿ ಜನ ತುಂಬಿದ್ದ ಹಳೆಯ ಕಬ್ಬಿಣದ ಸೇತುವೆ ಇಂದ್ರಾಯಣಿಗೆ ಕುಸಿದು 4 ಜನ. ಮೊದಲನೆಯದಾದ ಮೇಲೆ ಎಲ್ಲರೂ ಗಾಳಿ ಗಾಳಿ ಅಂದೆವು, ಎರಡನೆಯದಕ್ಕೆ ಜನಜಂಗುಳಿ ಅಂದೆವು. ಗಣಪತಿ ಮಂಟಪ ನಿಲ್ಲುವುದು ಮಳೆಗಾಲದಲ್ಲೇ, ಅಲ್ಲಿ ಎರಡೂ ಇರುತ್ತವೆ.

ನಮ್ಮ ಸಂಘಗಳು ಇಂಜಿನಿಯರ್ ಸರ್ಟಿಫಿಕೇಟ್ ತಗೊಂಡು ಫೈಲಿಗೆ ಹಾಕಿ ಸುಮ್ಮನಾಗುತ್ತವೆ. ಗಾಳಿ ಎಷ್ಟಾದರೆ ಜನರನ್ನು ಇಳಿಸಬೇಕು, ಇಳಿಸಿ ಎಲ್ಲಿಗೆ ಕಳಿಸಬೇಕು ಅಂತ ಅದರಲ್ಲೇ ಬರೆಸಿಕೊಳ್ಳಿ. ಸಹಿ ಆದ ಮೇಲೆ ಒಂದು ಬ್ಯಾನರ್ ಕೂಡ ಜಾಸ್ತಿ ಕಟ್ಟಬೇಡಿ. ಈ ಬ್ಯಾನರ್ ವಿಷಯಕ್ಕೇ ಕಮಿಟಿಯಲ್ಲಿ ಜಗಳ ಆಗುತ್ತದೆ, ಗೊತ್ತು.

ಅವತ್ತು ನಮ್ಮ ಹುಡುಗನೊಬ್ಬನಿಗೆ ಬ್ಲೇಡ್ ಕೊಟ್ಟು ಹಿಂದಿನ ಫ್ಲೆಕ್ಸ್‌ಗಳನ್ನೆಲ್ಲ ಉದ್ದಕ್ಕೆ ಕೊಯ್ಯಿಸಿದೆ. ಪ್ಲೇಟ್ ಏಳುವುದು ನಿಂತಿತು, ಯಾರಿಗೂ ಏನೂ ಆಗಲಿಲ್ಲ, ಆಟ ಬೆಳಗಿನವರೆಗೂ ನಡೆಯಿತು. ಫ್ಲೆಕ್ಸ್‌ಗೆ ದುಡ್ಡು ಕೊಟ್ಟವರು ಮಾತ್ರ ಇನ್ನೂ ನನ್ನ ಹತ್ತಿರ ಮಾತಾಡುತ್ತಿಲ್ಲ.

– ಒಬ್ಬ ಓದುಗ, ಡೊಂಬಿವಲಿ ಪೂರ್ವ