ಬಾಯ್ಲರ್ ಹೊಗೆ ಮಿತಿ ಮೀರುತ್ತಿರುವ ಬಗ್ಗೆ ದೂರು

ಇವರಿಗೆ,
ಕಾರ್ಖಾನೆಯ ವ್ಯವಸ್ಥಾಪಕರು

ವಿಷಯ: ಬೆಳಗಿನ ಕಪ್ಪು ಹೊಗೆ, ಮತ್ತು ಅದು ಕಾಣಿಸದ ತಪಾಸಣಾ ವರದಿ

ಮಾನ್ಯರೇ,

ಹೊಗೆಯ ಬಗ್ಗೆ ಕೇಳಿದಾಗಲೆಲ್ಲ ತಾವು ತೋರಿಸುವುದು ಒಂದೇ ಕಾಗದ: ಚಿಮಣಿಯ ದೂಳಿನ ವರದಿ. ಘನ ಮೀಟರಿಗೆ 80 ಮಿಲಿಗ್ರಾಂ, ಮಿತಿ 150. ಆದರೆ ಅದೇ ವರದಿಯ ಕೆಳಗಿನ ಸಾಲಿನಲ್ಲಿ ಆಮ್ಲಜನಕ 15% ಎಂದಿದೆ. ಪರವಾನಗಿಯ ಮಿತಿ ಇರುವುದು 6% ಆಮ್ಲಜನಕದ ಲೆಕ್ಕಕ್ಕೆ. ಹೊರಗಾಳಿಯಲ್ಲಿ ಆಮ್ಲಜನಕ 21%. ಆ 21ರಿಂದ 6 ಕಳೆದರೆ 15, 21ರಿಂದ 15 ಕಳೆದರೆ 6. 15ನ್ನು 6ರಿಂದ ಭಾಗಿಸಿದರೆ ಎರಡೂವರೆ ಪಟ್ಟು. 80 ಅಲ್ಲ, 200. ಡಕ್ಟಿನ (ಹೊಗೆ ಸಾಗುವ ಕೊಳವೆಯ) ಸಂದುಗಳಿಂದ ಹೊರಗಾಳಿ ಸೇರಿ ಅಂಕಿ ತೆಳುವಾಗಿದೆ, ದೂಳು ಅಷ್ಟೇ ಇದೆ.

ಇನ್ನು, ಆ ಮಾದರಿ ತೆಗೆದದ್ದು ಬಾಯ್ಲರ್ ಕಾದು ಲೋಡ್ ಒಂದೇ ಸಮ ಇದ್ದ ಮಧ್ಯಾಹ್ನ. ಬೆಳಿಗ್ಗೆ ಬೆಂಕಿ ಹಚ್ಚಿದಾಗಿನ ಹೊಗೆ ರಿಂಗಲ್‌ಮನ್ ಪಟ್ಟಿಯ (ಹೊಗೆಯ ಕಪ್ಪನ್ನು ಕಣ್ಣಳತೆಯಲ್ಲಿ ಹೋಲಿಸುವ ಪಟ್ಟಿ) 3ಕ್ಕೆ ಹೊಂದುತ್ತದೆ, ಅಂದರೆ 60% ಕಪ್ಪು. ಪರವಾನಗಿಯಲ್ಲಿ ಇರುವುದು 1, ಅಂದರೆ 20%. ಸೂರ್ಯನಿಗೆ ಬೆನ್ನು ಮಾಡಿ, 15 ಸೆಕೆಂಡಿಗೊಮ್ಮೆ ನೋಡಿ ಬರೆದ ಪಟ್ಟಿ ಲಗತ್ತಿಸಿದೆ. ಅದು ಬರೀ ಹಬೆ ಎಂದು ದಯವಿಟ್ಟು ಹೇಳಬೇಡಿ. ಹಬೆ ಬೆಳ್ಳಗಿದ್ದು ಸ್ವಲ್ಪ ದೂರದಲ್ಲೇ ಕರಗುತ್ತದೆ.

ಈ ಕಪ್ಪು ಹೊಗೆ ನಿಧಾನವಾಗಿ ತಿಳಿಯಾಗುವುದೂ ಇಲ್ಲ, ನಿಮಿಷದೊಳಗೆ ಕತ್ತರಿಸಿದಂತೆ ನಿಲ್ಲುತ್ತದೆ. ಬೆಂಕಿ ಸುಧಾರಿಸಿದರೆ ಹಾಗಾಗದು. ಬ್ಯಾಗ್ ಫಿಲ್ಟರಿನ (ಬಟ್ಟೆ ಚೀಲಗಳಿಂದ ದೂಳು ಸೋಸುವ ಉಪಕರಣ) ಬೈಪಾಸ್ ಡ್ಯಾಂಪರ್, ಅಂದರೆ ಹೊಗೆಯನ್ನು ಸೋಸದೆ ಚಿಮಣಿಗೆ ಬಿಡುವ ಅಡ್ಡದಾರಿಯ ಬಾಗಿಲು, ಮುಚ್ಚಿದಾಗ ಆಗುತ್ತದೆ. ಹೊಗೆ ಸುಮಾರು 120 ಡಿಗ್ರಿಗೆ ಏರುವ ಮೊದಲೇ ಚೀಲಗಳಿಗೆ ಬಿಟ್ಟರೆ ತೇವ ಹನಿಗಟ್ಟಿ ದೂಳು ಕೆಸರಾಗಿ ಮೆತ್ತುತ್ತದೆ, ನಿಜ. ಆದರೆ ಬೈಪಾಸ್ ತೆರೆದಿರುವಾಗಲೇ ಹಸಿ ಸೌದೆಯನ್ನು ಒಲೆ ತುಂಬ ತುರುಕಿದರೆ? ಶಾಖದ ಒಂದು ಪಾಲು ನೀರು ಆರಿಸುವುದಕ್ಕೇ ಹೋಗಿ, ಉರಿಯದ ಅನಿಲ ಮಸಿಯಾಗುತ್ತದೆ. ಆಪರೇಟರನ್ನು ದೂರುತ್ತಿಲ್ಲ, ಶಿಫ್ಟಿಗೆ ಮೊದಲೇ ಸ್ಟೀಮ್ ಬೇಕೆಂದರೆ ಅವರಾದರೂ ಏನು ಮಾಡಿಯಾರು.

ಒಣ ಸೀಳುಸೌದೆಯನ್ನು ತೆಳ್ಳಗೆ ಹರಡಿ ಒಂದು ಗಂಟೆ ಮುಂಚೆ ಹಚ್ಚಿಸಿ. ಚೀಲಗಳಿಗೆ ಮೊದಲೇ ಸುಣ್ಣದ ಪುಡಿಯ ಲೇಪ ಕೊಟ್ಟರೆ ತೇವದ ಕಾಟ ತಗ್ಗುತ್ತದೆ. ಬೈಪಾಸ್ ತೆರೆದ, ಮುಚ್ಚಿದ ಸಮಯ, ಡ್ಯಾಂಪರಿನ ಸ್ಥಾನ ಗುರುತಿಸುವ ಲಿಮಿಟ್ ಸ್ವಿಚ್‌ನಿಂದ ತಾನಾಗಿ ದಾಖಲಾಗಬೇಕು, ಕೈಬರಹದ ಲಾಗ್ ಬುಕ್ ಸಾಲದು.

ಮಧ್ಯಾಹ್ನವೂ ಪಲ್ಸ್ (ಚೀಲದ ದೂಳು ಕೊಡವಲು ಊದುವ ಒತ್ತಡದ ಗಾಳಿ) ಹೊಡೆದ ಕೂಡಲೇ ಕಂದು ಹೊಗೆ ಬುಸ್ಸೆನ್ನುತ್ತದೆ. ಅದು ಹರಿದ ಚೀಲದ ಗುರುತು. ಯಾವ ಸಾಲಿನ ಪಲ್ಸಿಗೆ ಬರುತ್ತದೆಂದು ನೋಡಿದರೆ ಚೀಲ ಹುಡುಕುವುದು ಸುಲಭ.

ಬೆಂಕಿ ಹಚ್ಚುವ ಹೊತ್ತಿನ ಹೊಗೆಯ ಕಪ್ಪನ್ನೂ ಅಳೆಸಿ, ದೂಳಿನ ಹೊಸ ವರದಿಯನ್ನು ಆಮ್ಲಜನಕದ ತಿದ್ದುಪಡಿಯೊಂದಿಗೆ 15 ದಿನಗಳಲ್ಲಿ ಕೊಡಿ. ಇಲ್ಲವಾದರೆ ಈ ಪತ್ರ, ಲಗತ್ತು ಎರಡನ್ನೂ ಪರವಾನಗಿ ಕೊಟ್ಟ ಕಚೇರಿಗೆ ಕಳಿಸುತ್ತೇವೆ.

ಇಂತಿ,
ಕಾರ್ಖಾನೆಯ ನೆರೆಯ ನಿವಾಸಿಗಳು