ಕೂದಲು ಉದುರ್ತಿದ್ರೆ ಮುಲಾಮು ಹಚ್ಚೋ ಮುಂಚೆ ಓದಿ

ಎಲ್ರಿಗೂ ನಮಸ್ಕಾರ, ನಾಯಿ ಬೆಕ್ಕಿನ ಬೋಳು ಜಾಗದ ಫೋಟೋ ಹಾಕಿ ಏನ್ ಹಚ್ಲಿ ಅಂತ ತುಂಬಾ ಜನ ಕೇಳ್ತಿದೀರ, ಫೋಟೋ ನೋಡಿ ಯಾರೂ ಔಷಧಿ ಹೇಳ್ಬೇಡಿ ಪ್ಲೀಸ್. ಹುಳುಕಡ್ಡಿ (ಇದು ಫಂಗಸ್), ಡೆಮೊಡೆಕ್ಸ್ ನುಸಿ, ಬ್ಯಾಕ್ಟೀರಿಯಾ ಇನ್ಫೆಕ್ಷನ್ ಮೂರೂ ಕಣ್ಣಿಗೆ ಒಂದೇ ಥರ ಕಾಣ್ಬೋದು.

ತುರಿಕೆ ಮೊದ್ಲು ಬಂತಾ ಕೂದಲು ಮೊದ್ಲು ಹೋಯ್ತಾ ಅಂತ ಡಾಕ್ಟರ್ ಕೇಳ್ತಾರೆ, ಗಮನಿಸಿಟ್ಕೊಳ್ಳಿ. ಬಾಲದ ಬುಡದಲ್ಲಿ ಕಚ್ಕೊಂಡು ಬೋಳಾಗಿದ್ರೆ ಚಿಗಟದ ಅಲರ್ಜಿ ಮೇಲೆ ಅನುಮಾನ ಹೋಗುತ್ತೆ. ತುರಿಕೇನೇ ಇಲ್ದೆ ಎರಡೂ ಪಕ್ಕ ಒಂದೇ ಸಮ ತೆಳುವಾಗ್ತಿದ್ರೆ, ಅದ್ರಲ್ಲೂ ವಯಸ್ಸಾದ ನಾಯಿಗೆ, ಥೈರಾಯ್ಡ್ ಕಮ್ಮಿಯಾಗಿರೋದು ಇಲ್ಲಾ ಕುಶಿಂಗ್ (ಮೈಯಲ್ಲಿ ಕಾರ್ಟಿಸೋಲ್ ಹಾರ್ಮೋನ್ ಜಾಸ್ತಿಯಾಗೋದು) ಥರದ ಹಾರ್ಮೋನ್ ಸಮಸ್ಯೆ ಇರ್ಬೋದು, ಅದಕ್ಕೆ ಬ್ಲಡ್ ಟೆಸ್ಟೇ ಬೇಕು. ಬೆಕ್ಕುಗಳದ್ದು ಬೇರೇನೇ ಕಥೆ, ನಾವಿಲ್ದಾಗ ನೆಕ್ಕಿ ನೆಕ್ಕಿ ಹೊಟ್ಟೆ ಬೋಳು ಮಾಡ್ಕೊಂಡಿರ್ತವೆ, ನಮಗೆ ಗೊತ್ತೇ ಆಗಲ್ಲ, ಆದ್ರೆ ಕೂದಲು ಕಿತ್ತು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ತುದಿ ಮುರಿದಿರೋದು ಕಾಣುತ್ತೆ, ಕಳ್ಳತನ ಬಯಲು.

ಚರ್ಮ ಕೆರೆದು ನೋಡೋ ಟೆಸ್ಟಲ್ಲಿ ಸ್ವಲ್ಪ ರಕ್ತ ಜಿನುಗುತ್ತೆ, ಹೆದರ್ಬೇಡಿ, ಡೆಮೊಡೆಕ್ಸ್ ಕೂದಲಿನ ಬುಡದೊಳಗಿರೋದ್ರಿಂದ ಆಳವಾಗೇ ಕೆರೀಬೇಕು. ವುಡ್ಸ್ ಲ್ಯಾಂಪ್ (ಫಂಗಸ್ ಹುಡುಕೋಕೆ ಬಳಸೋ ಅಲ್ಟ್ರಾವಯೊಲೆಟ್ ದೀಪ) ಹಾಕಿದಾಗ ಹೊಳೀಲಿಲ್ಲ ಅಂದ್ರೆ ಫಂಗಸ್ ಇಲ್ಲ ಅಂತಲ್ಲ, ಕೆಲವು ಜಾತಿ ಮಾತ್ರ ಹೊಳೆಯೋದು, ಕಲ್ಚರ್‌ಗೆ (ಲ್ಯಾಬಲ್ಲಿ ಫಂಗಸ್ ಬೆಳೆಸಿ ನೋಡೋ ಟೆಸ್ಟ್) ಕಳ್ಸಿದ್ರೆ ರಿಪೋರ್ಟ್ ಬರೋಕೆ 2-3 ವಾರಾನೂ ಆಗ್ಬೋದು, ಕಾಯ್ಬೇಕು.

ಡಾಕ್ಟರ್ ಹತ್ರ ಹೋಗೋ ಮುಂಚೆ ಸ್ನಾನ ಮಾಡಿಸ್ಬೇಡಿ, ಮನೇಲಿರೋ ಸ್ಟೀರಾಯ್ಡ್ ಕ್ರೀಮಂತೂ ಬೇಡವೇ ಬೇಡ, ಫಂಗಸ್ಸು ನುಸಿ ಎರಡೂ ಜಾಸ್ತಿ ಆಗ್ಬೋದು. ಚಿಗಟ ಉಣ್ಣೆಗೆ ಅಂತ ನಾಯಿಗೆ ಹಾಕೋ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ವಿಷ. ಮನೇಲಿ ಯಾರಿಗಾದ್ರೂ ಮೈಮೇಲೆ ಕೆಂಪು ದುಂಡಗಿನ ಕಲೆ ಎದ್ದಿದ್ರೆ ಅದನ್ನೂ ಹೇಳಿ, ಹುಳುಕಡ್ಡಿ ನಮಗೂ ಅಂಟುತ್ತೆ.